ಹಿಡಿಯದ ಕುಸ್ತಿಗೆ ತೀರ್ಪು ಕೇಳುವ ಊರು

"ಸತ್ತವರಾದ್ರೂ ನಡೀತದರಿ ಮೇಡಂ, ನಿಮ್ಮ ಕಡಿ ದೊಡ್ಡ ಪೈಲ್ವಾನ ಯಾರು ಹೇಳ್ರಿ."

ಬೀದರಿನಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮಾಲೀಕರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಬಾಡಿಗೆಯ ಮಾತಿಲ್ಲ, ಅಡ್ವಾನ್ಸಿನ ಮಾತಿಲ್ಲ. ನಂಜನಗೂಡಿನಿಂದ ಎಂಟುನೂರು ಚಿಲ್ಲರೆ ಕಿಲೋಮೀಟರ್ ಬಂದು ಸೊಂಟ ಮುರಿದುಕೊಂಡು ನಿಂತವಳಿಗೆ ಇದೆಂಥ ಪರೀಕ್ಷೆ! ಗೊತ್ತಿಲ್ಲ ಅಂದೆ. "ಮೈಸೂರು ಕಡಿಯವ್ರಾಗಿ ಗೊತ್ತಿಲ್ಲ ಅಂತೀರಲ್ರಿ" ಎಂದು ಅವರು ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು. ಮನೆಯನ್ನೇನೋ ಕೊಟ್ಟರು.

ಸುಳ್ಳು ಹೇಳಿದ್ದೆ. ನನ್ನ ಅಪ್ಪನೇ ಗರಡಿಯಲ್ಲಿ ಬೆಳೆದವರು. ಎರಡೂ ಮಂಡಿ ಕೆಡಿಸಿಕೊಂಡು ಮನೆ ಸೇರಿದವರು. ಕುಸ್ತಿ ಅಂದರೆ ನನಗೆ ನೋವಿನೆಣ್ಣೆಯ ವಾಸನೆ, ಅಷ್ಟೆ. ಠಾಣಾ ಕುಶನೂರಿನ ಪ್ರೌಢಶಾಲೆಗೆ ಗಣಿತದ ಟೀಚರಾಗಿ ಆದೇಶ ಬಂದಾಗ ಮನೆಯಲ್ಲಿ ಎಲ್ಲರೂ ಅತ್ತರೆ, ನಾನೊಬ್ಬಳು ಸದ್ಯ ಆ ವಾಸನೆಯಿಂದ ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ಬಂದು ಬಿದ್ದದ್ದು ವಿಠ್ಠಲರಾವ್ ಅವರ ಮನೆಯ ಕಟ್ಟೆಯ ಮೇಲೆ.

ವಿಠ್ಠಲರಾವ್ ನನ್ನ ಮಾಲೀಕರು. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ. ವಯಸ್ಸು ಎಪ್ಪತ್ತು ದಾಟಿದೆ. ಇಲ್ಲಿನವರಂತೆ ನಾನೂ ಅವರನ್ನು ಕಾಕಾ ಎನ್ನಲು ಕಲಿತೆ. ಕಲಿಯುವುದು ಇನ್ನೂ ಬಹಳವಿತ್ತು. ನಮ್ಮ ಕಡೆ 'ಬರ್ತೀನಿ' ಅಂದರೆ ಇಲ್ಲಿ 'ಬರ್ತೇನಿ'. ನಮ್ಮ ಗರಡಿ ಇಲ್ಲಿ ತಾಲೀಮು. ಪ್ರತಿ ಮಾತಿಗೂ ಒಂದು 'ರಿ' ಅಂಟಿಸದಿದ್ದರೆ ಜಗಳಕ್ಕೆ ಬಂದವಳ ಹಾಗೆ ನೋಡುತ್ತಾರೆ. ಅನ್ನ ಉಂಡು ಬೆಳೆದ ಹೊಟ್ಟೆಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಒಗ್ಗಲು ಎರಡು ತಿಂಗಳು ಬೇಕಾಯಿತು. ಬಸ್ಸಿನಲ್ಲಿ "ಜರಾ ಸರೀರಿ" ಎಂದು ಗದರಿ ಮೊದಲ ಸಲ ಸೀಟು ಗಿಟ್ಟಿಸಿಕೊಂಡ ದಿನ ನಾನು ಶಾಲೆಯವರಿಗೆಲ್ಲ ಪೇಡ ಹಂಚಿದೆ. ಭಾನುವಾರಗಳು ಮಾತ್ರ ಕೊಲ್ಲುತ್ತಿದ್ದವು. ಬಟ್ಟೆ ಒಗೆದಾದ ಮೇಲೆ ಮಾತಾಡಲು ಒಂದು ನರಪಿಳ್ಳೆ ಇಲ್ಲ.

ಹಾಗಾಗಿ ಸಂಜೆ ಕಟ್ಟೆಗೆ ಹೋಗಿ ಕೂರುತ್ತಿದ್ದೆ. ತಪ್ಪು ಮಾಡಿದೆ. ಅಲ್ಲಿ ದಿನವೂ ನಡೆಯುತ್ತಿದ್ದದ್ದು ಒಂದೇ ಮಾತು. ಮೊದಲು ಕಾಕಾನ ಮೊಬೈಲಿನಲ್ಲಿ ವಿದೇಶದ ಬಾಕ್ಸರುಗಳು. ಒಬ್ಬ ಕಪ್ಪು-ಬಿಳುಪು ಚಿತ್ರದವನು, ಇನ್ನೊಬ್ಬ ಈಚಿನವನು. ಅವನು ಸಾಯುವಾಗ ಇವನು ಹುಟ್ಟಿರಲೂ ಇಲ್ಲ. "ಇಬ್ಬರನ್ನೂ ಒಂದೇ ರಿಂಗಿನಾಗ ಇಳಿಸಿದ್ರ ಯಾರು ಬೀಳ್ತಾರ?" ಶುರು. ಗಂಜಿನ ಅಡತಿ ಅಂಗಡಿಯವರು, ಭಾಲ್ಕಿಯಿಂದ ಬಂದ ಬೀಗರು, ಹಾಲಿನವನು ಎಲ್ಲರೂ ಕೈ ಬೀಸಿ ಗುದ್ದಿ ತೋರಿಸುವವರೇ. ಒಮ್ಮೆ ಹಾಲಿನವನ ಗುದ್ದಿಗೆ ನನ್ನ ಚಹಾ ಚೆಲ್ಲಿತು. ಬಾಕ್ಸರುಗಳು ಮುಗಿದ ಮೇಲೆ ಪೈಲ್ವಾನರ ಸರದಿ. ನಿಜಾಮನ ಕಾಲದವನನ್ನು ಎಬ್ಬಿಸಿ, ಬಾದಾಮಿ ಹಾಲು ಕುಡಿಸಿ, ಮೊನ್ನೆ ಮೊನ್ನೆ ಗದೆ ಗೆದ್ದವನ ಮೇಲೆ ಬಿಡುತ್ತಿದ್ದರು. ಅಯ್ಯೋ ಶಿವನೇ, ಬದುಕಿರುವವರ ಬಗ್ಗೆ ಮಾತಾಡಲು ಈ ಊರಿಗೆ ಏನೂ ಇಲ್ಲವೇ ಎಂದು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಎಲ್ಲ ಸುತ್ತಿ ಕೊನೆಗೆ ಮಾತು ಬಂದು ನಿಲ್ಲುತ್ತಿದ್ದದ್ದು ಔರಾದ ತಾಲೂಕಿನ ಡಾಬಕಾ ಊರಿನ ಇಬ್ಬರ ಮೇಲೆ. ಒಬ್ಬರು ಕಾಕಾನ ದೊಡ್ಡಪ್ಪ ಭೀಮರಾವ್ ಪೈಲ್ವಾನ. ಇನ್ನೊಬ್ಬರು ಧನರಾಜ್ ಸರ್ ಅವರ ತಂದೆ ಲಕ್ಷ್ಮಣ ಪೈಲ್ವಾನ. ಧನರಾಜ್ ಸರ್ ಕಾಕಾನ ಊರಿನವರೇ, ಒಂದೇ ಶಾಲೆಯಲ್ಲಿ ಕಲಿತವರು. ಈಗ ನಿವೃತ್ತ ಹೆಡ್‌ಮಾಸ್ಟರ್, ಎರಡು ಬೀದಿ ಆಚೆ ಮನೆ. ನಾನು ಕೆಲಸಕ್ಕೆ ಸೇರಿದ ದಿನ ದಾರಿ ಗೊತ್ತಿಲ್ಲವೆಂದು ಬಸ್ಸು ಹತ್ತಿ ಶಾಲೆಯ ಬಾಗಿಲವರೆಗೆ ಬಂದವರು ಅವರು. ಕಟ್ಟೆಯ ಮೇಲೆ ಬೇರೆ ಯಾವ ಜೋಡಿಯ ಮಾತಿಗೂ ನಗುತ್ತಿದ್ದರು. ಇವರಿಬ್ಬರ ಮಾತು ಬಂದಾಗ ಮಾತ್ರ ನಗುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದು ತಡವಾಗಿ.

ಒಂದು ಸಂಜೆ ಕಾಕಾ ನನ್ನ ಕಡೆ ತಿರುಗಿದರು. "ಮೇಡಂ ಹೊರಗಿನವ್ರು. ಲೆಕ್ಕದ ಟೀಚರ್ ಬ್ಯಾರೆ. ಇವ್ರೇ ಹೇಳ್ಲಿ. ಇಬ್ಬರ ಕುಸ್ತಿ ಆಗಿದ್ರ ಯಾರು ಚಿತ್?"

ನನಗೆ ಸಾಕಾಗಿ ಹೋಗಿತ್ತು. ಉತ್ತರ ಪತ್ರಿಕೆಗಳ ಕಟ್ಟು ಒಳಗೆ ಕಾಯುತ್ತಿತ್ತು. "ಇಬ್ಬರೂ ಸಮ ಕಾಕಾ. ಬರಾಬರಿ. ಮುಗೀತು, ಎಲ್ಲರೂ ಮನೆಗೆ ಹೋಗಿ" ಅಂದೆ.

ಕಾಕಾ ಚಪ್ಪಾಳೆ ತಟ್ಟಿ ನಕ್ಕರು. ಧನರಾಜ್ ಸರ್ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ವಾರವಾಯಿತು.

ಎಪ್ಪತ್ತು ವರ್ಷದವರು ಇಷ್ಟಕ್ಕೆಲ್ಲ ಮುನಿಸಿಕೊಳ್ಳುವುದೇ ಎಂದು ಬೈದುಕೊಳ್ಳುತ್ತಲೇ ಭಾನುವಾರ ಅವರ ಮನೆಗೆ ಹೋದೆ. ಅವರು ಕುರ್ಚಿ ಎಳೆದು ಕೊಟ್ಟರು.

"ಸಿಟ್ಟಿಲ್ಲರಿ ಮೇಡಂ, ನಿಮಗ ಗೊತ್ತಿಲ್ಲ. ನಮ್ಮ ಅಪ್ಪ, ಆ ಭೀಮರಾವ್, ಇಬ್ಬರೂ ಒಂದೇ ವಾರಿಗಿಯವ್ರು. ಒಂದೇ ಊರು. ಕುಸ್ತಿ ಯಾಕ ಆಗಲಿಲ್ಲ ಅಂತ ಒಬ್ಬರೂ ಕೇಳಲ್ಲ ನೋಡ್ರಿ."

ನಾನು ತಬ್ಬಿಬ್ಬಾದೆ. ಇಷ್ಟು ದಿನ ಅವರಿಬ್ಬರೂ ಬೇರೆ ಬೇರೆ ಕಾಲದವರು ಎಂದೇ ತಿಳಿದಿದ್ದೆ.

ಸರ್ ಬಿಡಿಸಿ ಹೇಳಿದರು. ಇಲ್ಲಿ ಜಾತ್ರೆಯ ಕುಸ್ತಿ ಕಣದಲ್ಲಿ ಊರ ಹಿರಿಯರು ಇಬ್ಬರ ಕೈ ಹಿಡಿಸಿ 'ಇವನಿಗೆ ಇವನು' ಎಂದು ನಿಲ್ಲಿಸುತ್ತಾರೆ. ಅದಕ್ಕೆ ಜೋಡ ಹಚ್ಚುವುದು ಅನ್ನುತ್ತಾರೆ. ಹಿರಿಯರು ಹಚ್ಚದೆ ಕುಸ್ತಿ ಇಲ್ಲ. ಲಕ್ಷ್ಮಣ ಪೈಲ್ವಾನ ಪ್ರತಿ ವರ್ಷ ಲಂಗೋಟಿ ಕಟ್ಟಿ ಕಣದ ಅಂಚಿಗೆ ಬಂದು ನಿಲ್ಲುತ್ತಿದ್ದರು. ಅವರ ಜಾತಿಯವರ ಕೈಯನ್ನು ಭೀಮರಾವ್ ಕೈಗೆ ಕೊಡಲು ಯಾವ ಹಿರಿಯನೂ ಮುಂದೆ ಬರಲಿಲ್ಲ. ಹೊತ್ತು ಮುಳುಗುವವರೆಗೆ ನಿಂತು, ಅಂಗಿ ಹಾಕಿಕೊಂಡು, ಮಗನ ಕೈ ಹಿಡಿದು ಮನೆಗೆ ಹೋಗುತ್ತಿದ್ದರು.

"ನೀವು ಸಮ ಅಂದ್ರಿ" ಎಂದರು ಸರ್. "ಕಣದಾಗ ಬಿಟ್ಟಿದ್ರ ಸಮ ಆಗ್ತಿದ್ರು. ನಮ್ಮ ಅಪ್ಪ ಗೆಲ್ತಿದ್ದ ಅಂತ ವಿಠ್ಠಲರಾವ್ ಹೇಳೋದು ಬ್ಯಾಡ್ರಿ. ಬಿಡಲಿಲ್ಲ ಅಂತ ಹೇಳ್ಲಿ, ಒಂದೇ ಒಂದು ಸಲ. ನಾ ಸಾಯೋದ್ರೊಳಗ ಕೇಳಬೇಕು."

ಆಗ ಹೊಳೆಯಿತು. ಜೊತೆಯಲ್ಲಿ ಸ್ಲೇಟು ಹಿಡಿದ ಗೆಳೆಯನಿಗೆ ಕಾಕಾ 'ನೀ' ಅನ್ನುತ್ತಾರೆ, ಸರ್ ಮಾತ್ರ 'ನೀವು' ಅನ್ನುತ್ತಾರೆ. ಮೈ ಉರಿಯಿತು. ನನ್ನ ಮೇಲೂ ಉರಿಯಿತು, ಎಲ್ಲರೂ ಬೇಗ ಎದ್ದು ಹೋಗಲಿ ಎಂದು ತೀರ್ಪು ಎಸೆದವಳು ನಾನೇ ತಾನೆ.

ಅಂದು ಸಂಜೆ ಕಟ್ಟೆ ತುಂಬ ಜನರಿದ್ದಾಗಲೇ ಕೇಳಿದೆ. "ಕಾಕಾ, ನಿಮ್ಮ ದೊಡ್ಡಪ್ಪನ ಜೊತೆ ಲಕ್ಷ್ಮಣ ಪೈಲ್ವಾನರಿಗೆ ಜೋಡ ಯಾಕೆ ಹಚ್ಚಲಿಲ್ಲ?"

"ಆಗಿನ ಕಾಲ ಬ್ಯಾರೆ ಇತ್ತರಿ."

"ಇಬ್ಬರಿಗೂ ಅದೇ ಕಾಲ ಅಲ್ಲವಾ ಕಾಕಾ?"

ಹಾಲಿನವನು ಕ್ಯಾನು ಎತ್ತಿಕೊಂಡು ಮೆಲ್ಲಗೆ ಜಾರಿಕೊಂಡ. ಮನೆ ಖಾಲಿ ಮಾಡಿ ಅನ್ನುತ್ತಾರೆ ಎಂದೇ ನಾನು ಕಾದೆ. ಕಾಕಾ ಮೊಬೈಲು ಜೇಬಿಗೆ ಹಾಕಿ ಒಳಗೆ ಹೋದರು. ಮೂರು ದಿನ ಕಟ್ಟೆ ಬಿಕೋ ಎಂದಿತು. ಆ ಹಾಳು ಬಾಕ್ಸರುಗಳಿಲ್ಲದ ಸಂಜೆ ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ನಾನು ಬಸ್ಸಿಳಿದು ಬರುವಾಗ ಕಾಕಾ ಇಸ್ತ್ರಿ ಧೋತರ ಉಟ್ಟು ಗೇಟಿನಲ್ಲಿ ನಿಂತಿದ್ದರು. "ನಡೀರಿ ಮೇಡಂ, ಧನರಾಜನ ಮನಿಗಿ. ಒಬ್ಬನ್ಗ ಹೋಗ್ಲಾಕ ಆಗವಲ್ದು."

ಸರ್ ಮನೆಯಲ್ಲಿ ಕೂರಿ ಅಂದರೂ ಕಾಕಾ ಕೂರಲಿಲ್ಲ. ನಿಂತೇ ಹೇಳಿದರು. "ಧನರಾಜ, ಹಿರಿಯರ ಮ್ಯಾಲ ಹಾಕಿ ನಾ ಇಷ್ಟು ದಿನ ತಪ್ಪಿಸ್ಕೊಂಡೆ. ಹಿರಿಯರು ಒಂದು ವರ್ಷ ಜೋಡ ಹಚ್ಚಾಕ ಎದ್ದಿದ್ರು. ನಮ್ಮ ದೊಡ್ಡಪ್ಪನೇ ಬ್ಯಾಡ ಅಂದ. ಸೋತ್ರ ಊರಾಗ ಮಾರಿ ತೋರ್ಸೋದು ಹ್ಯಾಂಗ ಅಂದ. ನಾ ಅಲ್ಲೇ ಬಾಜೂಕ ಕುಂತಿದ್ದೆ."

ಸರ್ ಗೋಡೆಗೆ ಕೈ ಊರಿ ನಿಂತರು. "ನಮ್ಮ ಅಪ್ಪ ತನ್ನ ಕುಸ್ತಿಯೊಳಗೇ ಏನೋ ಕಮ್ಮಿ ಅದ ಅಂತ ತಿಳ್ಕೊಂಡು ಸತ್ತ, ವಿಠ್ಠಲ" ಎಂದರು. "ಸಾಯೋ ತನಕ ದಂಡ-ಬೈಠಕ್ ಹೊಡೀತಿದ್ದ." ಆಮೇಲೆ ಅಳುತ್ತಲೇ ಅಡುಗೆಮನೆ ಕಡೆ ತಿರುಗಿ ಮೂರು ಕಪ್ ಚಹಾ ಹೇಳಿದರು.

ನಾನು ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬಂದೆ. ಈ ಊರಿನ ಮೇಲೆ ಇಷ್ಟು ಸಿಟ್ಟು ಮಾಡಲು ನನಗೆ ಹಕ್ಕು ಬಂದದ್ದಾದರೂ ಹೇಗೆ? ಹೊರಗಿನವಳು ಎಂದು ಅವರೇ ಕೊಟ್ಟ ಹಕ್ಕು ಅದು. ಕೇಳಬಾರದ್ದನ್ನು ಕೇಳಿಯೂ ಇಲ್ಲಿ ಮನೆ ಉಳಿಯಿತು, ಕರೆದುಕೊಂಡು ಹೋಗಲು ಗೇಟಿನಲ್ಲಿ ಕಾದರು ಕೂಡ. ಹಾಗಾದರೆ ನನ್ನ ಊರಿನಲ್ಲಿ ನಾನು ಇದನ್ನು ಯಾವತ್ತಾದರೂ ಕೇಳಿದ್ದೇನೆಯೇ ಎಂದು ಯೋಚಿಸಿದ್ದೇ ತಡ, ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ನಿಮ್ಮ ಗರಡಿಗೆ ನಮ್ಮ ಬೀದಿಯವರು ಬಿಟ್ಟು ಬೇರೆ ಯಾರು ಬರ್ತಿದ್ರು?"

"ಬೇರೆಯೋರು ಅಂದ್ರೆ?"

"ಕೆರೆಯಾಚೆ ಕೇರಿಯವರು. ಅವರಲ್ಲಿ ಯಾರ ಜೊತೆಯಾದ್ರೂ ನೀವು ಕುಸ್ತಿ ಆಡಿದ್ರಾ?"

"ಅದ್ಯಾಕವ್ವ ಈಗ? ಆ ಊರಿಗೋಗಿ ಇವೆಲ್ಲಾ ಕಲ್ತ್ಕಂಡಾ? ರಜಕ್ಕೆ ಯಾವಾಗ್ ಬತ್ತೀಯಾ ಹೇಳು" ಅಂದರು.

ಬರ್ತೇನಿ ಅಪ್ಪ ಅಂದೆ.