ಕಾಲುವೆಗೆ ಸೋತ ಬಿ.ಎ.

ಹೋದ ತಿಂಗಳು ಸೋದರಮಾವನ ಜೊತೆ ಕುರುಗೋಡಿಗೆ ಹೆಣ್ಣು ನೋಡಲು ಹೋಗಿದ್ದೆ. ಹೆಣ್ಣಿನ ತಂದೆ ಊರು ಕೇಳಿದರು. ಸಿರುಗುಪ್ಪ ಅಂದೆ. ಅವರ ಮುಖ ಅರಳಿತು.

"ನಿಮ್ಮ ಹೊಲಕ್ಕ ಕಾಲುವಿ ಬರ್ತೈತೇನ್ರಿ?"

"ನಾನು ಬಿ.ಎ. ಅದೀನ್ರಿ," ಅಂದೆ.

"ಅದಿರ್ಲಿ ಬಿಡ್ರಿ. ಹೊಲದ್ದು ಹೇಳ್ರಿ."

(ಮದ್ರಾಸಿನಲ್ಲಿ ವರ್ಷಗಟ್ಟಲೆ ನೀರು ಸಾರು ಕುಡಿದು ಓದಿದ್ದಕ್ಕೆ ಸಿಕ್ಕ ಬೆಲೆ ಇದು!)

ಅವರನ್ನೇಕೆ ಬಯ್ಯಲಿ? ಮಹಾಯುದ್ಧದ ಕಾಲದಲ್ಲಿ ಇದೇ ಸೋದರಮಾವನಿಗೆ, ಎಂಟನೇ ಕ್ಲಾಸು ಪಾಸಾಗಿದ್ದಕ್ಕೇ, ಬಳ್ಳಾರಿಯ ರೇಷನ್ ಆಫೀಸಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಹೆಣ್ಣು ಹೆತ್ತವರು ಬಂಡಿ ಕಟ್ಟಿಕೊಂಡು ಬಂದು ಮನೆ ಮುಂದೆ ನಿಂತರು. ಅದನ್ನು ಕಂಡು ನಮ್ಮಪ್ಪನ ತಲೆ ತಿರುಗಿತು. "ಎಂಟಕ್ಕ ಇಷ್ಟು ಮರ್ಯಾದಿ ಅಂದ್ರ ಬಿ.ಎ.ಗೆ ಎಷ್ಟಿರಬ್ಯಾಡ?" ಅಂದವನೇ, ಜೋಳ ಬೆಳೆಯುತ್ತಿದ್ದ ಕರಿಮಣ್ಣಿನ ಎರಿ ಹೊಲವನ್ನೆಲ್ಲ ಚಿಕ್ಕಪ್ಪನಿಗೆ ಮಾರಿ ನನ್ನನ್ನು ಮದ್ರಾಸಿಗೆ ಅಟ್ಟಿದ.

ಊರಿನ ಎಲ್ಲ ಅಪ್ಪಂದಿರಿಗೂ ಅದೇ ಬುದ್ಧಿ ಹೊಳೆದಿತ್ತು ನೋಡ್ರಿ! ನಾನು ಡಿಗ್ರಿ ಹಿಡಿದು ಬರುವಷ್ಟರಲ್ಲಿ ಆಫೀಸುಗಳ ಬಾಗಿಲಲ್ಲಿ ಬಿ.ಎ.ಗಳ ಸಾಲು. ಮಾವ ಎಂಟನೇ ಕ್ಲಾಸಿಗೆ ಹಿಡಿದಂಥ ಗುಮಾಸ್ತೆ ಕುರ್ಚಿಯೇ ಬಳ್ಳಾರಿ ಕಂಟೋನ್ಮೆಂಟಿನ ಆಫೀಸಿನಲ್ಲಿ ನನಗೂ ಸಿಕ್ಕಿತು, ಅದೂ ಹತ್ತು ಜನರ ಕೈಕಾಲು ಹಿಡಿದ ಮೇಲೆ. ಇತ್ತ ತುಂಗಭದ್ರೆಗೆ ಡ್ಯಾಂ ಕಟ್ಟಿದರು. ಕಾಲುವೆ ಬೇರೆಲ್ಲೂ ಹೋಗದೆ ನಾವು ಮಾರಿದ ಹೊಲಕ್ಕೇ ಬರಬೇಕೇ?

ಅಷ್ಟರಲ್ಲಿ ಹುಡುಗಿ ಚಹಾ ತಂದಳು. ನಾನು ಅವಸರಕ್ಕೆ ಕುಡಿದು ನಾಲಿಗೆ ಸುಟ್ಟುಕೊಂಡದ್ದು ಕಂಡು ಮುಸಿಮುಸಿ ನಕ್ಕಳು. ಸುಳ್ಳೇಕೆ ಹೇಳಲಿ, ಬಹಳ ಹಿಡಿಸಿದಳು.

ಹೊಲ ಈಗ ಚಿಕ್ಕಪ್ಪನದು ಎಂದು ನಾನೇ ಬಾಯಿ ಬಿಟ್ಟೆ. ಮಾವ ಕಾಲು ತುಳಿದ, ತಡವಾಗಿತ್ತು.

"ನಿಮ್ಮ ಚಿಕ್ಕಪ್ಪಗ ಗಂಡುಮಕ್ಕಳು ಅದಾರೇನ್ರಿ?"

ಒಬ್ಬನಿದ್ದಾನೆ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ಮೊನ್ನೆ ಸೋಮವಾರ ಆ ಹುಡುಗಿ ಅವನಿಗೇ ನಿಶ್ಚಯವಾದಳು. ಆ ಹೊಲದಲ್ಲಿ ಇನ್ನೂ ಭತ್ತದ ಒಂದು ಪೈರೂ ಎದ್ದಿಲ್ಲ ಸ್ವಾಮಿ, ಆಗಲೇ ಹೆಂಡತಿ ಬಂದಳು! ಹೊಟ್ಟೆ ಉರಿಯದೇ ಇರುತ್ತದೆಯೇ?

ಸುದ್ದಿ ಕೇಳಿ ಅಪ್ಪ ಹಣೆ ಹಣೆ ಚಚ್ಚಿಕೊಂಡ.

"ಓದಿ ಯಾರು ಉದ್ಧಾರ ಆಗ್ಯಾರಲೇ? ನಾಳೇನೇ ನಿನ್ನ ತಮ್ಮನ್ನ ಸಾಲಿ ಬಿಡಿಸಿ ಹೊಲಕ್ಕ ಹಚ್ಚತೀನಿ!"

"ಯಾವ ಹೊಲಕ್ಕಪ್ಪಾ?" ಅಂದೆ.