ಟ್ರ್ಯಾಕ್ಟರಿನ ಹಾಡು ನಿಲ್ಲದಂತೆ ನೋಡಿಕೊಳ್ಳುವ ಸುಗಂಧಾ

ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ಅಥಣಿಯಿಂದ ಸತ್ತಿಗೆ ಹೋಗುವ ರಸ್ತೆಯ ಬದಿಯ ರೇಡಿಯೋ ಅಂಗಡಿಯ ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮಡ್‌ಗಾರ್ಡಿನ ಮೇಲೆ ಕುಳಿತ ಸುಗಂಧಾ, ಸ್ಪೀಕರಿನ ಎರಡು ತುದಿಗಳಿಗೆ ಟಾರ್ಚಿನ ಸೆಲ್ ಮುಟ್ಟಿಸುತ್ತಾರೆ. ಸ್ಪೀಕರ್ ‘ಟಪ್’ ಎನ್ನುತ್ತದೆ. ಅದು ಬದುಕಿದೆ ಎಂದು ಖಾತ್ರಿಯಾದ ಮೇಲೆ ಮೀಟರ್ ಹಿಡಿಯುತ್ತಾರೆ.

"ಮೂರೂವರಿ ತೋರಸಾಕತ್ತೈತಿ. ಮೀಟರ್ ಯಾವಾಗ್ಲೂ ಚೂರು ಕಮ್ಮೀನ ತೋರಸ್ತೈತಿ. ಅಂದ್ರ ನಾಕ ಓಮಿಂದ, ಖರೇ ಐತಿ" ಎಂದು ಚಾಲಕನಿಗೆ ಹೇಳುತ್ತಾರೆ.

ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ತಡೆ ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ. ಅದರ ಶಕ್ತಿ ಮೀರಿದರೆ ಸುಡುತ್ತದೆ. ಇಲ್ಲಿನ ಚಾಲಕರಿಗೆ ನಾಲ್ಕು ಸ್ಪೀಕರ್ ಬೇಕೇ ಬೇಕು. ನಾಲ್ಕನ್ನೂ ಅಕ್ಕಪಕ್ಕ ಕೂಡಿಸಿದರೆ ಸದ್ದು ಜೋರು, ಆದರೆ ತಡೆ ಒಂದೇ ಓಮಿಗೆ ಇಳಿಯುತ್ತದೆ. ಸುಗಂಧಾ ಎರಡೆರಡನ್ನು ಒಂದರ ಹಿಂದೊಂದು ಕಟ್ಟಿ, ಆಮೇಲೆ ಆ ಎರಡು ಜೋಡಿಗಳನ್ನು ಅಕ್ಕಪಕ್ಕ ಸೇರಿಸುತ್ತಾರೆ. ಲೆಕ್ಕ ಮತ್ತೆ ನಾಲ್ಕಕ್ಕೆ ಬಂದು ನಿಲ್ಲುತ್ತದೆ. ಆಂಪ್ಲಿಫೈಯರಿನ ಬೆನ್ನ ಮೇಲೆ ಬರೆದಿರುವುದೂ ಅಷ್ಟೇ.

ರೇಡಿಯೋ ಅಂಗಡಿ ಪತಿ ನೇಮಿನಾಥ ಅವರದು. ಎರಡು ವರ್ಷದ ಹಿಂದೆ ಅವರ ಕೈ ನಡುಗಲು ಶುರುವಾಗಿ ಬೆಸುಗೆ ಹಾಕುವುದು ಆಗದಾಯಿತು. ಪಕ್ಕದಲ್ಲಿ ಕೂತು ಕಲಿತಿದ್ದ ಸುಗಂಧಾ ಕೆಲಸಕ್ಕಿಳಿದರು. ತಮಗೆ ಗೊತ್ತಿದ್ದರೂ ಗಿರಾಕಿಗಳ ಎದುರಿಗೆ ಒಮ್ಮೆ, "ಇದು ಬರೋಬರ್ ಐತೇನ್ರಿ?" ಎಂದು ಪತಿಯನ್ನು ಕೇಳುತ್ತಾರೆ. ಅವರು ಮೀಟರ್ ನೋಡಿ ತಲೆಯಾಡಿಸುತ್ತಾರೆ. ಆ ಹೊತ್ತಿನಲ್ಲಿ ಅವರ ಬೆನ್ನು ನೆಟ್ಟಗಾಗುತ್ತದೆ.

ಕಳೆದ ವರ್ಷ, ಅಂದರೆ ತೊಂಬತ್ತೆರಡರಲ್ಲಿ, ಕಬ್ಬಿನ ಹಂಗಾಮು ಶುರುವಾದಾಗ ಸುಗಂಧಾ ಬಳಿ ಬಂದ ಟ್ರ್ಯಾಕ್ಟರ್ ಒಂದೇ, ಅಪ್ಪಾಸಾಬ ಎಂಬ ಚಾಲಕನದು. ಉಳಿದವರಿಗೆ ಜೋರು ಸದ್ದು ಬೇಕಿತ್ತು. "ವೈನೀ ಕಟ್ಟಿದ ಟೇಪ್ ಬಾಣಂತಿ ಹಂಗ ಮೆಲ್ಲಕ ಮಾತಾಡತೈತಿ" ಎಂದು ಚಹಾದಂಗಡಿಯಲ್ಲಿ ಮಾಳಸಿದ್ದ ಎಂಬ ಚಾಲಕ ನಗಾಡಿದ್ದ. ವೈನೀ ಎಂದರೆ ಅತ್ತಿಗೆ; ಚಾಲಕರೆಲ್ಲ ಸುಗಂಧಾ ಅವರನ್ನು ಕರೆಯುವುದು ಹಾಗೆಯೇ.

ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಚಾಲಕರದೊಂದು ಪಂದ್ಯವಿದೆ. ಹಂಗಾಮಿನ ಮೊದಲ ದಿನ ಸಾಲಿನಲ್ಲಿ ನಿಂತ ಎಲ್ಲರೂ ಒಟ್ಟಿಗೆ ಟೇಪ್ ಹಚ್ಚುತ್ತಾರೆ. ಕಾರ್ಖಾನೆಯ ಸೈರನ್, ಅಂದರೆ ಮಧ್ಯಾಹ್ನದ ಭೋಂಗಾ, ಕೂಗುವವರೆಗೆ ಯಾರ ಹಾಡೂ ನಿಲ್ಲಬಾರದು. ಅಪ್ಪಾಸಾಬ ಮೊದಲೇ ಹೇಳಿದ್ದ: "ವೈನೀ, ನಂದು ನಿಂತ್ರ ನಾ ಬೈಸ್ಕೋತೀನಿ, ಅಷ್ಟ. ಆದ್ರ ನಿಮ್ಮ ಅಂಗಡಿ ಪಾವಟಿಗಿ ಮತ್ತ ಯಾವ ಡ್ರೈವರನೂ ಏರೂದಿಲ್ಲ ನೋಡ್ರಿ." ಮನೆ ನಡೆಯುವುದು ಈ ಅಂಗಡಿಯಿಂದ. ಸುಗಂಧಾ ತಾವೇ ಅಂಗಳಕ್ಕೆ ಹೋಗಿ ನಿಂತರು.

ಮೊದಮೊದಲು ಕೇಳಿದ್ದು ಮಾಳಸಿದ್ದನ ಹಾಡೊಂದೇ. ನಾಲ್ಕೂ ಸ್ಪೀಕರುಗಳನ್ನು ಅಕ್ಕಪಕ್ಕ ಕೂಡಿಸಿದ್ದ. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದ. ಅಪ್ಪಾಸಾಬನ ಟೇಪಿನ ದನಿ ಅದರಲ್ಲಿ ಮುಳುಗಿಹೋಗಿ ಸಾಲಿಗೆ ಸಾಲೇ ನಗುತ್ತಿತ್ತು. ಬಿಸಿಲೇರಿದಂತೆ ಉಳಿದವರ ಟೇಪುಗಳು ಒಂದೊಂದಾಗಿ ಗಂಟಲು ಕಟ್ಟಿ ಸುಮ್ಮನಾದವು. ಆಮೇಲೆ ಸುಟ್ಟ ವಾಸನೆ ಬಂತು. ಮಾಳಸಿದ್ದನ ಸೀಟಿನ ಕೆಳಗಿನಿಂದ ಹೊಗೆ ಏಳುತ್ತಿತ್ತು, ಹಿಂದೆಯೇ ಟ್ರೇಲರಿನಲ್ಲಿ ಕಬ್ಬಿನ ಒಣ ಎಲೆ, ರವದಿ. ಸುಗಂಧಾ ಓಡಿಹೋಗಿ ಇಕ್ಕಳದಿಂದ ಬ್ಯಾಟರಿಯ ತಂತಿ ಕಿತ್ತರು. ಹೊಗೆ ಅಲ್ಲಿಗೇ ನಿಂತಿತು.

ಆಗ ಅಂಗಳದಲ್ಲಿ ಉಳಿದದ್ದು ಒಂದೇ ಹಾಡು, ಅಪ್ಪಾಸಾಬನದು. ಅದು ಭೋಂಗಾ ಕೂಗಿದ ಮೇಲೂ ಹಾಡುತ್ತಲೇ ಇತ್ತು. ಚಾಲಕರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರೆ ಸುಗಂಧಾ ಮಾತ್ರ ಮಾಳಸಿದ್ದನ ಟ್ರ್ಯಾಕ್ಟರಿನಡಿ ಬಗ್ಗಿದ್ದರು. ಹೊತ್ತು ಮುಳುಗಿದ ಮೇಲೆ ಅವನು ಊರಿಗೆ ಹೋಗಬೇಕಲ್ಲ, ದೀಪದ ತಂತಿಯೂ ಸುಟ್ಟಿತ್ತು. ಅದನ್ನು ಕಟ್ಟಿಕೊಟ್ಟು ಮೇಲೆದ್ದರು.

ಮರುದಿನ ಕರಕಾದ ಆಂಪ್ಲಿಫೈಯರ್ ಹಿಡಿದು ಅವರ ಅಂಗಡಿಯ ಮೆಟ್ಟಿಲು ಮೊದಲು ಏರಿದವನು ಮಾಳಸಿದ್ದನೇ. ಈ ಹಂಗಾಮಿನಲ್ಲಿ ದಿನಕ್ಕೆ ನಾಲ್ಕೈದು ಟ್ರ್ಯಾಕ್ಟರುಗಳು ಅಂಗಡಿಯ ಮುಂದೆ ನಿಲ್ಲುತ್ತವೆ. ರಾಯಬಾಗ, ಕಾಗವಾಡದ ಕಡೆಯ ಜೀಪಿನವರೂ ಬರುತ್ತಾರೆ. ದನಿ ಇನ್ನಷ್ಟು ಏರಿಸಿ ಎಂಬ ತಕರಾರು ಈಗಲೂ ತಪ್ಪಿಲ್ಲ.

"ಬೈಲಿ ಬಿಡ್ರಿ," ಎನ್ನುತ್ತಾರೆ ಸುಗಂಧಾ, ಬೆಸುಗೆಯ ಕಡ್ಡಿಯನ್ನು ಒರೆಸುತ್ತ. "ಬೈಯಾಕ ಹ್ವಾದ ವರ್ಷದ ಗಿರಾಕಿಗೋಳ ಹೊಳ್ಳಿ ಬರ್ತಾರ. ಆದ್ರ ಸುಟ್ಟೈತಿ ಅಂತ ಹೊಳ್ಳಿ ಬಂದದ್ದು, ನಾ ಕಟ್ಟಿದ್ದರಾಗ ಒಂದೂ ಇಲ್ಲ."