ಲೇಸರಿಗೂ ಒಂದಿಷ್ಟು ವಿಭೂತಿ

ಈ ಬೆಳಿಗ್ಗೆ ವಿದ್ಯಾರಣ್ಯಪುರದ ಸ್ಟಾಪಿಗೆ ಬಂದ ಸಿಟಿ ಬಸ್ಸನ್ನು ನೀವು ನೋಡಬೇಕಿತ್ತು. ಎರಡೂ ಕಡೆ ಬಾಳೆಕಂದು, ಮುಂದಿನ ಗಾಜಿನ ತುಂಬ ಸೇವಂತಿಗೆ, ಉಳಿದ ಜಾಗಕ್ಕೆಲ್ಲ ವಿಭೂತಿ. ಪಾಪ, ಡ್ರೈವರು ಹಾರದ ಸಂದಿಯಿಂದ ಕತ್ತು ಕೊಂಕಿಸಿ ರಸ್ತೆ ಹುಡುಕುತ್ತಿದ್ದರು. ನನಗೆ ಶಂಕ್ರವ್ವ ನೆನಪಾಗಿ ಒಬ್ಬಳೇ ನಕ್ಕೆ.

ಶಂಕ್ರವ್ವ ಅಂದರೆ ನನ್ನ ಹಳೆಯ ರೂಮ್‌ಮೇಟ್ ಸುಮಂಗಲಾಳ ತಾಯಿ, ಗದಗದ ಕಡೆಯವರು. ಆಗ ನಾನು ಯಶವಂತಪುರದ ಆಫೀಸೊಂದರಲ್ಲಿ ಫೈಲುಗಳ ಧೂಳು ಕುಡಿಯುತ್ತಿದ್ದೆ. ಸುಮಂಗಲಾ ಯಲಹಂಕದ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಒಂದು ಬಿಳಿ ಪುಡಿಯ ಮೇಲೆ ಬಿಟ್ಟು ಹಸಿರು ಬೆಳಕು ಹೊರಡಿಸುವುದು ಅವಳ ಕೆಲಸ. ಪುಡಿಗೆ ಅರ್ಬಿಯಂ, ಇಟರ್ಬಿಯಂ ಎಂಬ ವಿರಳ ಲೋಹಗಳನ್ನು ಚಿಟಿಕೆಯಷ್ಟು ಬೆರೆಸಬೇಕಂತೆ. ಚಟ್ನಿಪುಡಿಗೆ ಇಂಗು ಹಾಕಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ.

ಆ ದಸರೆಗೆ ಶಂಕ್ರವ್ವ ಬಂದದ್ದು ಮಗಳನ್ನು ಊರಿಗೆ ಕರೆದೊಯ್ಯಲು. ಹುಬ್ಬಳ್ಳಿಯ ವರ ಗೊತ್ತಾಗಿದ್ದ. ಓದು ಬಿಡಬೇಕೆಂಬುದು ವರನ ಕಡೆಯವರ ಷರತ್ತು.

"ಕಣ್ಣಿಗೆ ಕಾಣಲಾರದ ಕೆಲಸಕ್ಕ ಇಷ್ಟು ವರ್ಷ ಹಾಳಾದುವು. ಸಾಕಿನ್ನ, ನಡಿ," ಎಂದರು.

ಸುಮಂಗಲಾ ಅತ್ತಳು, ಊಟ ಬಿಟ್ಟಳು, ಕೊನೆಗೆ, "ಒಮ್ಮೆ ಬಂದು ನೋಡವ್ವಾ. ಆಮ್ಯಾಲ ನೀ ಹೇಳಿದಂಗ," ಎಂದಳು.

ಆಯುಧಪೂಜೆಯ ಮರುದಿನ ಮೂವರೂ ಲ್ಯಾಬಿಗೆ ಹೋದೆವು. ರಜೆ, ನರಪಿಳ್ಳೆಯೂ ಇಲ್ಲ. ಯಂತ್ರಗಳೆಲ್ಲ ವಿಭೂತಿ ಕುಂಕುಮ ಹಚ್ಚಿಕೊಂಡು ಕೂತಿದ್ದವು. ಸುಮಂಗಲಾ ಕಪಾಟಿನಿಂದ ಲೇಸರ್ ತಂದು ಮೇಜಿನ ಮೇಲೆ ಜೋಡಿಸಿ, ಕಣ್ಣು ಕಾಯುವ ಕನ್ನಡಕ ತರಲು ಪಕ್ಕದ ಕೋಣೆಗೆ ಹೋದಳು. ನಾನು ಹಿಂದಿನ ದಿನದ ಮಂಡಕ್ಕಿಯ ಪೊಟ್ಟಣ ಪತ್ತೆ ಮಾಡಿ ಅದರಲ್ಲೇ ಮುಳುಗಿದ್ದೆ. ಅವಳು ಬಂದು ನಮಗೂ ಕನ್ನಡಕ ತೊಡಿಸಿ, ಪರದೆ ಎಳೆದು ಸ್ವಿಚ್ ಒತ್ತಿದಳು.

ಕತ್ತಲು. ಮತ್ತೆ ಒತ್ತಿದಳು. ಕತ್ತಲೇ.

"ತೋರ್ಸೂದು ಇಷ್ಟ ಏನು?" ಎಂದರು ಶಂಕ್ರವ್ವ.

ಸುಮಂಗಲಾ ಎಲ್ಲ ಆರಿಸಿ, ದೀಪ ಹಾಕಿ ಬಗ್ಗಿ ನೋಡಿದಳು. ಲೇಸರಿನ ಬಾಯಿಯ ಪುಟ್ಟ ಮಸೂರಕ್ಕೆ ದಪ್ಪಗೆ ವಿಭೂತಿ, ನಡುವೆ ಕುಂಕುಮ!

"ಯವ್ವಾ, ನೀ ಹಚ್ಚಿದೇನು?"

"ಎಲ್ಲಾದಕ್ಕೂ ಹಚ್ಯಾರ. ನಿನ್ನ ಮಷೀನೊಂದ ಬರಿ ಹಣಿಲೆ ನಿಂತಿತ್ತು. ಜೀವ ತಡೀಲಿಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ಸುಮಂಗಲಾ ಮಸೂರವನ್ನು ಒರೆಸಿದಳು. ಮತ್ತೆ ಕನ್ನಡಕ, ಮತ್ತೆ ಸ್ವಿಚ್. ಈ ಸಲ ಬಿಳಿ ಪುಡಿಯ ನಡುವೆ ಎಳೆ ಗರಿಕೆಯ ಬಣ್ಣದ ಒಂದು ಚುಕ್ಕಿ ಹೊತ್ತಿಕೊಂಡಿತು. ಅಬ್ಬಾ, ಎಂಥ ಹಸಿರು ಅಂತೀರಿ!

"ಕಾಣದ ಬೆಳಕಿನ ಎರಡು ಕಣದ ಬಲ ಒಂದ ಕಡೆ ಕೂಡಿದ್ರ, ಕಾಣೂ ಬೆಳಕಿಂದು ಒಂದು ಕಣ ಆಗತೈತವ್ವಾ. ನಿನ್ನ ವಿಭೂತಿ ಅವನ್ನ ಚೆಲ್ಲಾಪಿಲ್ಲಿ ಮಾಡಿತ್ತು."

"ಬೀಸೂ ಕಲ್ಲಿಗೆ ಇಬ್ರು ಕೂತಂಗ," ಎಂದರು ಶಂಕ್ರವ್ವ. ಆಮೇಲೆ ಕುರ್ಚಿ ಎಳೆದುಕೊಂಡು ಮೇಜಿನ ಮುಂದೆಯೇ ಕೂತರು. "ಇನ್ನೊಮ್ಮೆ ತೋರ್ಸು," ಎಂದರು.

ಹೊರಗೆ ಬಂದವರೇ ಹುಬ್ಬಳ್ಳಿಗೆ ಫೋನು ಹಚ್ಚಿದರು.

"ನನ್ನ ಮಗಳು ಕತ್ತಲದಾಗ ಬೆಳಕು ತಗೀತಾಳ್ರಿ. ಕಣ್ಣಾರೆ ನೋಡೇನಿ. ಓದು ಮುಗಿಯೂತನ ಕಾಯೂದಾದ್ರ ಕಾಯ್ರಿ. ಇಲ್ಲಂದ್ರ ನಿಮಗ ಬ್ಯಾರೆ ಹೆಣ್ಣು ಸಿಗತೈತಿ."

ಸುಮಂಗಲಾ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಮಂಡಕ್ಕಿ ಬಾಯಲ್ಲಿಟ್ಟುಕೊಂಡೇ.

ಇವತ್ತು ಇದೆಲ್ಲ ನೆನಪಾಗಿ, ಬಸ್ಸು ಹತ್ತದೆ ಮನೆಗೆ ವಾಪಸು ಬಂದೆ. ನನ್ನ ಮಗಳು ಕಲ್ಲುಹೂವಿನ ಬಗ್ಗೆ ಸಂಶೋಧನೆ ಮಾಡುತ್ತಾಳಂತೆ. "ಮಸಾಲೆಗೆ ಹಾಕೋದ್ರಲ್ಲಿ ಓದೋಕೇನಿದೆ?" ಎಂದು ನಿನ್ನೆ ತಾನೇ ರೇಗಿದ್ದೆ. ಅವಳ ಕೋಣೆಯ ಬಾಗಿಲು ತಟ್ಟಿದೆ.

"ಏನಮ್ಮಾ?"

"ನಿನ್ನ ಕಲ್ಲುಹೂವು ನಂಗೂ ತೋರ್ಸೇ."

ಅವಳು ಅನುಮಾನದಿಂದ ನನ್ನ ಮುಖ ನೋಡಿದಳು. ಆಮೇಲೆ ಸರಿದು ಜಾಗ ಕೊಟ್ಟು, ಭೂತಗನ್ನಡಿಯನ್ನು ನನ್ನ ಕೈಗಿಟ್ಟಳು.